ಹಾವು ಅಂತ ಗೊತ್ತಾಗುವ ಮೊದಲೇ ಕಾಲು ಹಾರುವುದು ಹೇಗೆ?

ಬದಿಯಡ್ಕದ ಕಡೆಯ ಅಡಿಕೆ ತೋಟದಲ್ಲಿ ಮುಸ್ಸಂಜೆಗೆ ಕರಿ ಪೈಪ್ ಕಂಡು ಹಾರಿದಿರಿ ಅಂತಿಟ್ಟುಕೊಳ್ಳಿ, ಅದು ಪೈಪ್ ಅಂತ ತಿಳಿದದ್ದು ಆಮೇಲೆ. ಇದು ನಿಮ್ಮ ಪುಕ್ಕಲುತನ ಅಲ್ಲ.

ಕಣ್ಣು ಕಳಿಸುವ ಸುದ್ದಿಯ ದೊಡ್ಡ ಪಾಲು ತಲೆಯ ಹಿಂಭಾಗದ ದೃಷ್ಟಿ ಕಾರ್ಟೆಕ್ಸ್‌ಗೆ, ಅಂದರೆ ನೋಟವನ್ನು ಸಂಭಾಳಿಸುವ ಮೆದುಳಿನ ಹೊರಪದರಕ್ಕೆ, ಹೋಗುತ್ತದೆ. ಸ್ಪಷ್ಟವಾಗಿ ಕಾಣಲು ಅದು ಬೇಕು. ಸ್ವಲ್ಪ ಪಾಲು ಒಳದಾರಿಯಲ್ಲಿ ಬೇಗನೆ ಅಮಿಗ್ಡಲಾ (ಅಪಾಯ, ಭಾವನೆಗಳಿಗೆ ಸ್ಪಂದಿಸುವ ಮೆದುಳಿನ ಒಳಭಾಗ) ತಲುಪಿ ಮೈಯನ್ನು ಎಚ್ಚರಿಸುತ್ತದೆ ಎಂಬುದು ಮೆದುಳು ವಿಜ್ಞಾನಿ ಜೋಸೆಫ್ ಲೆಡೂ ಅವರ ವಾದ. ಮನುಷ್ಯರಲ್ಲಿ ಆ ದಾರಿಗೆ ಎಷ್ಟು ಮಹತ್ವ ಅನ್ನೋ ಜಗಳ ಇನ್ನೂ ಮುಗಿದಿಲ್ಲ.

ನನಗೆ ಜಾಸ್ತಿ ಬೆರಗು ಹುಟ್ಟಿಸಿದ್ದು ಟಿ.ಎನ್. ಎಂಬ ರೋಗಿಯ ಕಥೆ. ಎರಡು ಸಲ ಸ್ಟ್ರೋಕ್ ಆಗಿ ಎರಡೂ ಬದಿಯ ದೃಷ್ಟಿ ಕಾರ್ಟೆಕ್ಸ್ ಹಾಳಾಗಿತ್ತು. ಕಣ್ಣು ಸರಿಯಿದ್ದರೂ ಏನೂ ಕಾಣದು. ಮೆದುಳು ವಿಜ್ಞಾನಿ ಬಿಯಾಟ್ರಿಸ್ ಡಿ ಗೆಲ್ಡರ್ ಅವರ ತಂಡ ಅವರನ್ನು ಸಾಮಾನು ಅಡ್ಡ ಇಟ್ಟ ಕಾರಿಡಾರ್‌ನಲ್ಲಿ ಕೋಲಿಲ್ಲದೆ ನಡೆಸಿತು (2008ರ ವರದಿ). ಒಂದಕ್ಕೂ ತಾಗಲಿಲ್ಲ! ಪಕ್ಕಕ್ಕೆ ಸರಿದು ನಡೆದದ್ದೇ ಅವರಿಗೆ ಗೊತ್ತಿರಲಿಲ್ಲ. ಅದಕ್ಕೂ ಮೊದಲು, ಅಲನ್ ಪೆಗ್ನಾ ಅವರ ತಂಡದ 2005ರ ಪ್ರಯೋಗದಲ್ಲಿ, ಮುಖದ ಫೋಟೋ ತೋರಿಸಿ ಸುಮ್ನೆ ಊಹಿಸಿ ಅಂದಿದ್ದರು. ಗಂಡೋ ಹೆಣ್ಣೋ ಹೇಳಲಾಗಲಿಲ್ಲ. ಸಿಟ್ಟೋ ಖುಷಿಯೋ ಅನ್ನುವುದನ್ನು ಮಾತ್ರ ಬರೀ ಅದೃಷ್ಟಕ್ಕೆ ಮೀರಿ ಸರಿ ಹೇಳಿದರು. ಭಾವ ತುಂಬಿದ ಮುಖ ತೋರಿಸಿದಾಗ ಬಲಬದಿಯ ಅಮಿಗ್ಡಲಾ ಚುರುಕಾಗಿತ್ತು.