ಡಿಗ್ರಿ ಮಾಡಿ ಗೋದಾಮಿನ ಕೆಲಸಕ್ಕೆ ಸೇರಬಹುದಾ? ನಾನು ಸೇರಿದ್ದೆ

ನೀವು ಕೇಳಿರುವುದು ಇಷ್ಟು. ಎಂ.ಎ. ಮುಗಿದು ವರ್ಷ ದಾಟಿದೆ, ಓದಿಗೆ ತಕ್ಕ ಕೆಲಸ ಸಿಕ್ಕಿಲ್ಲ, ಈಗ ಒಂದು ಗೋದಾಮಿನಲ್ಲಿ ಸಾಮಾನು ಎತ್ತಿಡುವ ಕೆಲಸಕ್ಕೆ ಕರೆದಿದ್ದಾರೆ. ಸೇರಿದರೆ ಓದಿದ್ದೆಲ್ಲ ನೀರುಪಾಲಾಗುತ್ತದಾ, ಯಾರಾದರೂ ಹೀಗೆ ಮಾಡಿದ್ದೀರಾ ಅಂತ.

ನಾನು ಮಾಡಿದ್ದೇನೆ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ 11 ತಿಂಗಳು ಮನೆಯಲ್ಲೇ ಕೂತಿದ್ದೆ. ಆಮೇಲೆ 20 ತಿಂಗಳು ಗೋದಾಮಿನಲ್ಲಿ ದುಡಿದೆ. ನನ್ನ ಉತ್ತರ: ಸೇರಿ. ಆದರೆ ಒಪ್ಪಿಕೊಳ್ಳುವ ಮೊದಲು ಒಂದು ವಿಷಯ ಗಟ್ಟಿಯಾಗಿ ಕೇಳಿ ತಿಳಿದುಕೊಳ್ಳಿ: ದಿನಕ್ಕೆ ಎಷ್ಟು ಗಂಟೆ, ಯಾವ ಶಿಫ್ಟು. ಸಂಬಳಕ್ಕಿಂತ ನಿಮಗೆ ಇದೇ ಮುಖ್ಯ. ಯಾಕೆ ಅಂತ ಕೆಳಗೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

‘ಯಾವ ಕೆಲಸವೂ ಕೀಳಲ್ಲ’ ಅಂತ ನಿಮಗೆ ಈಗಾಗಲೇ ಹತ್ತು ಜನ ಹೇಳಿರುತ್ತಾರೆ. ನನಗೂ ಹೇಳಿದ್ದರು. ಆ ಮಾತಿನಿಂದ ನನಗೆ ಒಂದು ದಿನವೂ ಸಮಾಧಾನ ಆಗಲಿಲ್ಲ, ಯಾಕೆಂದರೆ ಹೇಳಿದವರು ಯಾರೂ ತಮ್ಮ ಮಕ್ಕಳನ್ನು ಆ ಕೆಲಸಕ್ಕೆ ಕಳಿಸುವವರಲ್ಲ. ಕೆಲಸಗಳನ್ನು ಜನ ಮೇಲು ಕೀಳು ಅಂತ ನೋಡುವುದು ಎಲ್ಲ ಕಡೆ ಇದೆ. ಡೊನಾಲ್ಡ್ ಟ್ರೈಮನ್ ಎಂಬ ಸಮಾಜಶಾಸ್ತ್ರಜ್ಞರು ಸುಮಾರು 60 ದೇಶಗಳ ಸಮೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿ 1977ರಲ್ಲಿ ಬರೆದರು. ಯಾವ ಕೆಲಸಕ್ಕೆ ಎಷ್ಟು ಮರ್ಯಾದೆ ಅನ್ನುವ ಲೆಕ್ಕ ದೇಶದಿಂದ ದೇಶಕ್ಕೆ ಹೆಚ್ಚುಕಮ್ಮಿ ಒಂದೇ. ವೈದ್ಯರು, ಪ್ರೊಫೆಸರುಗಳು ಮೇಲೆ. ಕಸ ಗುಡಿಸುವವರು, ಹೊರೆ ಹೊರುವವರು ಕೆಳಗೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2008ರಲ್ಲಿ ಮಾಡಿದ ಉದ್ಯೋಗಗಳ ವಿಂಗಡಣೆಯಲ್ಲಿ 0ಯಿಂದ 9ರವರೆಗೆ ಗುಂಪುಗಳಿವೆ. ನಮ್ಮಂಥವರು ಓದಿದ್ದು 2ನೇ ಗುಂಪಿಗೆ, ಅಂದರೆ ವೃತ್ತಿಪರರ ಗುಂಪಿಗೆ, ಸೇರಲು. ಗೋದಾಮಿನಲ್ಲಿ ಸಾಮಾನು ಎತ್ತುವುದು 9ನೇ ಗುಂಪಿನಲ್ಲಿ ಬರುತ್ತದೆ, ಅಂದರೆ ಕೌಶಲದ ಲೆಕ್ಕದಲ್ಲಿ ತೀರಾ ಕೆಳಗೆ. ಹಾಗಾಗಿ ನಿಮಗೆ ಸಂಕಟ ಆಗುತ್ತಿದ್ದರೆ ಅದನ್ನು ಅಹಂಕಾರ ಅಂತ ಬೈದುಕೊಳ್ಳಬೇಡಿ. ನೀವು ನೋಡುತ್ತಿರುವುದು ಇರುವುದನ್ನೇ.

2023ರಲ್ಲಿ ಚೀನಾದಲ್ಲಿ ಇದೇ ವಿಷಯಕ್ಕೆ ದೊಡ್ಡ ಚರ್ಚೆ ಆಯಿತು. ಆ ವರ್ಷ ಅಲ್ಲಿ 1 ಕೋಟಿ 15 ಲಕ್ಷಕ್ಕೂ ಹೆಚ್ಚು ಮಂದಿ ಕಾಲೇಜು ಮುಗಿಸಿ ಹೊರಬಂದರು. ಜೂನ್‌ನಲ್ಲಿ, ನಗರಗಳಲ್ಲಿ 16ರಿಂದ 24 ವಯಸ್ಸಿನವರ ನಿರುದ್ಯೋಗ ಶೇ. 21.3 ಮುಟ್ಟಿತು. ಆಮೇಲೆ ಕೆಲವು ತಿಂಗಳು ಆ ಅಂಕಿಯನ್ನು ಹೊರಗೆ ಬಿಡುವುದನ್ನೇ ನಿಲ್ಲಿಸಿದರು. ಆ ವರ್ಷ ಅಲ್ಲಿನ ಹುಡುಗ ಹುಡುಗಿಯರು ಮತ್ತೆ ಮತ್ತೆ ನೆನೆದದ್ದು ಕೊಂಗ್ ಯಿಜಿಯನ್ನು. ಚೀನಾದ ಲೇಖಕ ಲೂ ಷುನ್ 1919ರಲ್ಲಿ ಪ್ರಕಟಿಸಿದ ಕತೆಯೊಂದರಲ್ಲಿ ಬರುವ, ಓದಿಕೊಂಡ ಬಡವ ಅವನು. ಪರೀಕ್ಷೆ ಪಾಸಾಗಿಲ್ಲ, ಕೈಯಲ್ಲಿ ಕಾಸಿಲ್ಲ, ಕೂಲಿಯವರ ಜೊತೆ ನಿಂತೇ ಕುಡಿಯುತ್ತಾನೆ, ಆದರೂ ಓದಿದವರು ತೊಡುವ ಉದ್ದ ನಿಲುವಂಗಿಯನ್ನು ಮಾತ್ರ ಬಿಡುವುದಿಲ್ಲ. ನಮ್ಮ ಡಿಗ್ರಿಯೂ ಹಾಗೆಯೇ ಮೈಗೆ ಅಂಟಿಕೊಂಡಿದೆ, ಬಿಚ್ಚಲು ಆಗುತ್ತಿಲ್ಲ ಅಂತ ಅವರು ಬರೆದುಕೊಂಡರು. ಅಲ್ಲಿನ ಸರ್ಕಾರಿ ಟಿವಿ, ನಿಲುವಂಗಿ ಬಿಚ್ಚಿ ಕೆಲಸಕ್ಕೆ ಇಳಿಯಿರಿ ಅನ್ನುವ ಧಾಟಿಯಲ್ಲಿ ಬುದ್ಧಿ ಹೇಳಿತು. ಆ ಹುಡುಗ ಹುಡುಗಿಯರಿಗೆ ಸಿಟ್ಟು ಬಂತು. ನನಗೂ ಬರುತ್ತಿತ್ತು. ವರ್ಷಗಟ್ಟಲೆ ಓದಿಸಿ, ಓದಿದರೆ ಒಳ್ಳೆಯದಾಗುತ್ತದೆ ಅಂತ ನಂಬಿಸಿ, ಕೊನೆಗೆ ಕೆಲಸ ಇಲ್ಲದಾಗ ‘ನಿನ್ನ ಜಂಬವೇ ಕಾರಣ’ ಅಂದರೆ ಅದು ಅನ್ಯಾಯ.

ಈಗ ನನ್ನ ಕತೆ. ಮೈ ನೋವು ಎರಡು ವಾರದಲ್ಲಿ ಹೋಯಿತು. ಹೋಗದೆ ಉಳಿದದ್ದು ಯಾರಾದರೂ ನೋಡಿಬಿಡುತ್ತಾರೆ ಅನ್ನುವ ಭಯ. ಮೂರನೇ ತಿಂಗಳಲ್ಲಿ ಒಂದು ದಿನ ಲೆಕ್ಕ ತಪಾಸಣೆಗೆ ಹೊರಗಿನವರ ತಂಡ ಬಂತು, ಅದರಲ್ಲಿ ನನ್ನ ಜೊತೆ ಓದಿದವಳೊಬ್ಬಳಿದ್ದಳು. ಕೈಯಲ್ಲಿ ಪಟ್ಟಿ ಹಿಡಿದು ಒಂದೊಂದೇ ಸಾಲು ನೋಡಿಕೊಂಡು ಬರುತ್ತಿದ್ದಳು. ನಾನು ಟ್ರಾಲಿ ಬಿಟ್ಟು ರ್ಯಾಕಿನ ಹಿಂದೆ ಸರಿದು ನಿಂತೆ. ಅವಳು ಹೋಗುವವರೆಗೂ, ಸುಮಾರು 20 ನಿಮಿಷ, ಅಲ್ಲೇ ನಿಂತಿದ್ದೆ. ಸಂಜೆ ಅವಳದೇ ಮೆಸೇಜು ಬಂತು. ‘ನೋಡಿದೆ ಕಣೋ. ಯಾಕೆ ಮಾತಾಡಿಸಲಿಲ್ಲ? ನನ್ನ ಮೇಲೆ ಏನಾದರೂ ಬೇಜಾರಾ?’ ಅಂತ. ಅವಳು ಕೇಳಿದ್ದು ಅಷ್ಟೇ. ನಾನು ಮಾಡುತ್ತಿದ್ದ ಕೆಲಸದ ಬಗ್ಗೆ ಒಂದು ಮಾತೂ ಇರಲಿಲ್ಲ. ಎರಡು ದಿನ ನನಗೆ ಉತ್ತರ ಬರೆಯಲು ಆಗಲಿಲ್ಲ.

ಆದರೆ ನನಗೆ ಇವತ್ತಿಗೂ ಚುಚ್ಚುವುದು ಅದಲ್ಲ, ಕೆಲಸಕ್ಕೆ ಸೇರಿದ ಮೂರನೇ ದಿನ ನಾನು ಆಡಿದ ಒಂದು ಮಾತು. ಊಟದ ಹೊತ್ತಿನಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದೆವು, ಮೊದಲು ಏನು ಮಾಡುತ್ತಿದ್ದೆ ಅಂತ ಸುಮ್ನೆ ವಿಚಾರಿಸಿದರು. ನಾನು, ‘ಎಂ.ಎಸ್ಸಿ. ಓದಿದ್ದೇನೆ ಅಣ್ಣ, ಇಲ್ಲಿ ಜಾಸ್ತಿ ದಿನ ಇರಲ್ಲ, ಇದು ನಾನು ಮಾಡುವ ಕೆಲಸ ಅಲ್ಲ’ ಅಂದೆ. ಅವರು ‘ಹೌದಾ’ ಅಂದರು, ಡಬ್ಬಿ ಮುಚ್ಚಿಕೊಂಡು ಎದ್ದು ಹೋದರು. ಅವರು ಅಲ್ಲಿ 19 ವರ್ಷದಿಂದ ಇದ್ದರು ಅಂತ ನನಗೆ ಆಮೇಲೆ ಗೊತ್ತಾಯಿತು. ನಾನು ಹೇಳಿದ ಮಾತಿನ ಅರ್ಥ ಏನು ಹಾಗಾದರೆ? ಇದು ನಿಮ್ಮಂಥವರಿಗೆ ಸಾಕು, ನನ್ನಂಥವನಿಗೆ ಅಲ್ಲ ಅಂತ ತಾನೇ? ಬೇಕಂತ ಹೇಳಿದ್ದಲ್ಲ. ಆದರೆ ನಮ್ಮ ನಾಚಿಕೆಯನ್ನು ಬಾಯಿ ಬಿಟ್ಟು ಹೇಳಿದಾಗಲೆಲ್ಲ ಪಕ್ಕದಲ್ಲಿ ಅದೇ ಕೆಲಸ ಮಾಡುತ್ತಿರುವವರ ಮುಖಕ್ಕೆ ಹೊಡೆದ ಹಾಗೇ ಆಗುತ್ತದೆ. ದಯವಿಟ್ಟು ಇದೊಂದನ್ನು ನನ್ನ ಹಾಗೆ ಮಾಡಬೇಡಿ. ಹೋಗಬೇಕು ಅಂತ ಇದ್ದರೆ ಮನಸ್ಸಿನಲ್ಲಿ ಇರಲಿ.

ಅದೇ ಅಣ್ಣ ನನಗೆ ಕೆಲಸ ಕಲಿಸಿದರು. ಭಾರದ ಪೆಟ್ಟಿಗೆ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸುವುದು, ಭಾರದ್ದನ್ನು ಕೆಳಗಿನ ಸಾಲಿಗೆ ಇಡುವುದು, ಒಂದೇ ಸುತ್ತಿನಲ್ಲಿ ಎಲ್ಲ ಸಿಗುವ ಹಾಗೆ ಮೊದಲೇ ದಾರಿ ಯೋಚಿಸಿ ಟ್ರಾಲಿ ತಳ್ಳುವುದು. ನಾನು ಮೊದಲ ತಿಂಗಳು ಅವರ ಅರ್ಧದಷ್ಟೂ ಸಾಮಾನು ತೆಗೆಯಲಾಗಲಿಲ್ಲ. ಅಮೆರಿಕದ ಬರಹಗಾರ್ತಿ ಬಾರ್ಬರಾ ಎಹ್ರೆನ್‌ರೀಕ್ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿದ್ದವರು. 1998ರಿಂದ ಎರಡು ವರ್ಷ ಆಗಾಗ ಊಟದ ತಟ್ಟೆ ತಂದಿಡುವ, ಮನೆ ಸ್ವಚ್ಛ ಮಾಡುವ, ಅಂಗಡಿಯಲ್ಲಿ ಬಟ್ಟೆ ಜೋಡಿಸುವ ಕೆಲಸಗಳನ್ನು ಮಾಡಿ ನೋಡಿದರು. ಎಷ್ಟೇ ಕೆಳಗಿನ ಕೆಲಸವಾದರೂ ಕೌಶಲ ಬೇಡದ ಕೆಲಸ ಅಂತ ಒಂದೂ ಇಲ್ಲ ಅನ್ನುವುದು ಅವರು ಕಂಡುಕೊಂಡ ವಿಷಯ. ಅವರು ಬೇಕಂತಲೇ ಹೋಗಿದ್ದರು, ಬೇಕೆಂದಾಗ ಹಿಂದಿರುಗಬಹುದಿತ್ತು, ಅದು ನಿಜ. ಆದರೂ ಈ ಮಾತು ನನ್ನ ಅನುಭವಕ್ಕೆ ಪೂರ್ತಿ ಸರಿಹೊಂದುತ್ತದೆ.

ಇನ್ನು ನಿಜವಾಗಿ ಮನುಷ್ಯನನ್ನು ಸವೆಸುವುದು ಯಾವುದು ಅಂತ ಕೇಳಿದರೆ, ನಮ್ಮ ಮಾತು ನಡೆಯದಿರುವುದು. ಯಾವಾಗ ಕೂರಬೇಕು, ಯಾವಾಗ ನೀರು ಕುಡಿಯಬೇಕು, ಯಾವ ಸಾಲಿಗೆ ಹೋಗಬೇಕು, ಎಲ್ಲವನ್ನೂ ಇನ್ನೊಬ್ಬರು ಹೇಳುತ್ತಾರೆ. ಎರಡು ನಿಮಿಷ ತಡವಾದರೆ ಸೂಪರ್‌ವೈಸರ್ ಕಾರಣವನ್ನೂ ಕೇಳದೆ ಬೈಯುತ್ತಾರೆ. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನದಲ್ಲಿ ಮೈಕೆಲ್ ಮಾರ್ಮಟ್ ಮತ್ತು ಅವರ ಜೊತೆಗಾರರು ಇದನ್ನೇ ಬೇರೆ ರೀತಿಯಲ್ಲಿ ತೋರಿಸಿದ್ದಾರೆ. ತೀರಾ ಕೆಳಗಿನ ದರ್ಜೆಯ ಗಂಡಸರ ಸಾವಿನ ಪ್ರಮಾಣ ಮೇಲಿನ ದರ್ಜೆಯವರ ಸುಮಾರು ಮೂರು ಪಟ್ಟು ಇತ್ತು. 1985ರಲ್ಲಿ ಶುರುವಾದ ಎರಡನೇ ಸುತ್ತಿನಲ್ಲಿ, ಕೆಲಸದ ಮೇಲೆ ಹಿಡಿತ ಕಡಿಮೆ ಇದ್ದವರಿಗೆ ಹೃದಯದ ಕಾಯಿಲೆ ಜಾಸ್ತಿ ಅಂತ ಕಂಡುಬಂತು. ಆದ್ದರಿಂದ ನಾನು ಹೇಳುವುದು: ಯಾವ ಕೆಲಸ ಅನ್ನುವುದರ ಜೊತೆಗೆ ಯಾರ ಕೈಕೆಳಗೆ ಅನ್ನುವುದನ್ನೂ ವಿಚಾರಿಸಿ. ಸಾಧ್ಯವಾದರೆ ಅಲ್ಲಿ ಈಗ ಕೆಲಸ ಮಾಡುತ್ತಿರುವ ಒಬ್ಬರನ್ನು ಗೇಟಿನ ಹೊರಗೆ ಮಾತಾಡಿಸಿ.

ಈಗ ನಿಮ್ಮ ನಿಜವಾದ ಪ್ರಶ್ನೆ. ಓದಿದ್ದು ಹಾಳಾಗುತ್ತದಾ?

ಕಹಿಯಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಭಯ ಸುಳ್ಳಲ್ಲ. ಡೇವಿಡ್ ಪೆಡುಲ್ಲಾ ಎಂಬ ಸಂಶೋಧಕರು ಅಮೆರಿಕದ ಐದು ನಗರಗಳಲ್ಲಿ ಕಲ್ಪಿತ ಹೆಸರಿನ ಅರ್ಜಿಗಳನ್ನು ಕಳಿಸಿ ನೋಡಿದರು, 2016ರಲ್ಲಿ ಪ್ರಕಟವಾಯಿತು. ಓದಿಗೆ ತಕ್ಕ ಪೂರ್ಣಾವಧಿ ಕೆಲಸದಲ್ಲಿದ್ದವರಿಗೆ 100ಕ್ಕೆ ಸುಮಾರು 10 ಕರೆ ಬಂದರೆ, ಓದಿಗಿಂತ ಕೆಳಗಿನ ಕೆಲಸದಲ್ಲಿದ್ದವರಿಗೆ ಸುಮಾರು 5. ಅಂದರೆ ಕೆಲಸ ಕೊಡುವವರೂ ಇದನ್ನು ಕೀಳಾಗಿಯೇ ಕಾಣುತ್ತಾರೆ. ಇದನ್ನು ಓದಿ ‘ನೋಡಿ, ಅದಕ್ಕೇ ನಾನು ಸೇರಲ್ಲ’ ಅನ್ನಬೇಡಿ, ಇನ್ನೂ ಒಂದು ಸಾಲು ಇದೆ. ಒಂದು ವರ್ಷ ಏನೂ ಮಾಡದೆ ಇದ್ದವರಿಗೂ ಬಂದದ್ದು ಹೆಚ್ಚುಕಮ್ಮಿ ಅಷ್ಟೇ ಕರೆ. ಮನೆಯಲ್ಲಿ ಕೂತರೆ ಡಿಗ್ರಿಯ ಮರ್ಯಾದೆ ಉಳಿಯುತ್ತದೆ ಅಂತ ನಾನು 11 ತಿಂಗಳು ನಂಬಿದ್ದೆನಲ್ಲ, ಅದು ಉಳಿಯುವುದಿಲ್ಲ. ಎರಡರಲ್ಲೂ ಅಷ್ಟೇ ಪೆಟ್ಟು ಅಂದಮೇಲೆ, ಒಂದರಲ್ಲಿ ಸಂಬಳವಾದರೂ ಬರುತ್ತದೆ ಅಲ್ವಾ?

ಎರಡನೇ ಅಪಾಯ ಸಿಕ್ಕಿಕೊಳ್ಳುವುದು. ಬರ್ನಿಂಗ್ ಗ್ಲಾಸ್ ಮತ್ತು ಸ್ಟ್ರಾಡಾ ಸಂಸ್ಥೆಗಳು ಅಮೆರಿಕದ ಲಕ್ಷಾಂತರ ಪದವೀಧರರ ಬಯೋಡೇಟಾಗಳನ್ನು ನೋಡಿ 2018ರಲ್ಲಿ ಒಂದು ವರದಿ ಮಾಡಿದವು. ಶೇ. 43ರಷ್ಟು ಜನರ ಮೊದಲ ಕೆಲಸ ಡಿಗ್ರಿ ಬೇಡದ ಕೆಲಸ. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಐದು ವರ್ಷ ಆದಮೇಲೂ ಅಂಥ ಕೆಲಸದಲ್ಲೇ ಇದ್ದರು. ಇದು ನನ್ನನ್ನು ಹೆದರಿಸಿದ ಅಂಕಿ. ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಆರ್ಥಿಕತೆ ಕುಸಿದ ಹೊತ್ತಿನಲ್ಲಿ ಓದು ಮುಗಿಸಿದ ಕೆನಡಾದ ಪದವೀಧರರ ಬಗ್ಗೆ ಫಿಲಿಪ್ ಓರಿಯೊಪೌಲೋಸ್ ಮತ್ತು ಇನ್ನಿಬ್ಬರು 2012ರಲ್ಲಿ ಬರೆದರು. ಶುರುವಿನಲ್ಲಿ ಅವರ ಗಳಿಕೆ ಸುಮಾರು ಶೇ. 9 ಕಡಿಮೆ, ಐದು ವರ್ಷದಲ್ಲಿ ಆ ಕೊರತೆ ಅರ್ಧಕ್ಕೆ ಇಳಿಯಿತು, ಹತ್ತು ವರ್ಷದ ಹೊತ್ತಿಗೆ ಅಳಿಸಿಹೋಯಿತು. ಹೇಗೆ? ಸಿಕ್ಕ ಜಾಗದಲ್ಲೇ ಕೂರದೆ ಒಂದು ಕಂಪನಿಯಿಂದ ಇನ್ನೊಂದಕ್ಕೆ, ಸ್ವಲ್ಪ ಸ್ವಲ್ಪವೇ ಒಳ್ಳೆಯ ಕಡೆಗೆ ಬದಲಾಯಿಸುತ್ತಾ ಹೋದದ್ದು ಮುಖ್ಯ ಕಾರಣ.

ಅಲ್ಲಿಗೆ ಶಿಫ್ಟಿನ ಮಾತು ಬಂತು. ಹುಡುಕುತ್ತಾ ಇರಬೇಕಾದರೆ ಹೊತ್ತು ಬೇಕು, ಮೈಯಲ್ಲಿ ಶಕ್ತಿ ಉಳಿದಿರಬೇಕು. ನನ್ನ ಮೊದಲ ಏಳು ತಿಂಗಳು ರಾತ್ರಿ ಶಿಫ್ಟು. ಬೆಳಿಗ್ಗೆ ಬಂದು ಮಲಗಿದರೆ ಎದ್ದಾಗ ಆಫೀಸುಗಳು ಮುಚ್ಚುವ ಹೊತ್ತು. ಆ ಏಳು ತಿಂಗಳಲ್ಲಿ ನಾನು ಹಾಕಿದ ಅರ್ಜಿ ನಾಲ್ಕು. ಕೆಲಸ ಕೀಳು ಅಂತ ನಾನು ಸಿಕ್ಕಿಕೊಳ್ಳಲಿಲ್ಲ, ಸುಸ್ತಾಗಿ ಸಿಕ್ಕಿಕೊಂಡೆ. ಆಮೇಲೆ ಕೇಳಿ ಕೇಳಿ ಬೆಳಗಿನ ಶಿಫ್ಟಿಗೆ ಬದಲಾಯಿಸಿಕೊಂಡೆ, ಸಂಬಳ ಸ್ವಲ್ಪ ಕಡಿಮೆ ಆಯಿತು. ಮಧ್ಯಾಹ್ನ ಎರಡಕ್ಕೆ ಮನೆಗೆ ಬಂದರೆ ನಾಲ್ಕರಿಂದ ಏಳರವರೆಗೆ ಮೇಜಿನ ಮುಂದೆ. ವಾರಕ್ಕೆ ಐದು ಅರ್ಜಿ, ಉಳಿದ ಹೊತ್ತು ಮರೆತುಹೋಗಿದ್ದ ಪಾಠ. ಫಿಲಿಪ್ ಗ್ಲಾಸ್ ಅಂತ ಸಂಗೀತಗಾರರಿದ್ದಾರೆ. ನ್ಯೂಯಾರ್ಕಿನ ಹೆಸರಾಂತ ಸಂಗೀತ ಶಾಲೆ ಜೂಲಿಯಾರ್ಡ್‌ನಲ್ಲಿ ಓದಿದವರು, ಕೊಳಾಯಿ ಕೆಲಸ ಮಾಡಿದರು, ಟ್ಯಾಕ್ಸಿ ಓಡಿಸಿದರು. 1976ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಭವನದಲ್ಲಿ ಅವರ ಒಪೆರಾ, ಅಂದರೆ ಸಂಗೀತ ನಾಟಕ, ತುಂಬಿದ ಸಭೆಗೆ ನಡೆಯಿತು, ಅದಾದ ಮೇಲೂ ಟ್ಯಾಕ್ಸಿಗೆ ಹಿಂದಿರುಗಿದರು. ಅವರ ಖ್ಯಾತಿಗಾಗಿ ಇದನ್ನು ಹೇಳುತ್ತಿಲ್ಲ, ಎಲ್ಲರಿಗೂ ಹಾಗೆ ಆಗುವುದಿಲ್ಲ. ಬೇಕಾದಾಗ ಬಿಟ್ಟು ತಮ್ಮ ಕೆಲಸಕ್ಕೆ ಹೋಗಬಹುದಾದಂಥ ದುಡಿಮೆಯನ್ನೇ ಅವರು ಆರಿಸಿಕೊಂಡರು, ಅದನ್ನು ಗಮನಿಸಿ ಅಂತ.

ಮನೆಯವರ ವಿಷಯ. ನಮ್ಮಮ್ಮ ಯಾರಾದರೂ ಕೇಳಿದರೆ ‘ಕಂಪನಿಯಲ್ಲಿದ್ದಾನೆ’ ಅನ್ನುತ್ತಿದ್ದರು. ಮೊದಲು ನನಗೆ ಬೇಸರ ಆಗುತ್ತಿತ್ತು. ಆಮೇಲೆ ಅವರು ನನ್ನನ್ನು ಮುಚ್ಚಿಡುತ್ತಿಲ್ಲ, ಮುಂದಿನ ಹತ್ತು ಪ್ರಶ್ನೆಗಳಿಂದ ಕಾಪಾಡುತ್ತಿದ್ದಾರೆ ಅಂತ ಅರ್ಥ ಆಯಿತು. ಅದರ ಬಗ್ಗೆ ಜಗಳ ಆಡಬೇಡಿ.

ಬಯೋಡೇಟಾದಲ್ಲಿ ನಾನು ಗೋದಾಮಿನ ಕೆಲಸವನ್ನು ಮುಚ್ಚಿಡಲಿಲ್ಲ. ಎರಡು ಸಾಲಿನಲ್ಲಿ ಏನು ಮಾಡುತ್ತಿದ್ದೆ ಅಂತ ಬರೆದೆ, ಅದರ ಕೆಳಗೆ ಆ ಹೊತ್ತಿನಲ್ಲಿ ಕಲಿತದ್ದನ್ನು ಬರೆದೆ. ಮೂರು ಇಂಟರ್ವ್ಯೂಗಳಲ್ಲಿ ಅದನ್ನೇ ಹಿಡಿದುಕೊಂಡು ಇರಿಸುಮುರಿಸಾಗುವ ಪ್ರಶ್ನೆ ಕೇಳಿದರು. ನಾಲ್ಕನೆಯವರು ದಾಸ್ತಾನಿನ ಲೆಕ್ಕ ನಿಜವಾಗಿ ಎಲ್ಲಿ ತಪ್ಪುತ್ತದೆ ಅಂತ ಕೇಳಿದರು, ಅದು ನನಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ಈಗ ಅಲ್ಲೇ ಇದ್ದೇನೆ. ನಾನು ಓದಿದ್ದರಲ್ಲಿ ಅರ್ಧ ಮಾತ್ರ ಇಲ್ಲಿ ಬೇಕಾಗುತ್ತದೆ, ಇನ್ನೂ ಹುಡುಕುತ್ತಿದ್ದೇನೆ.

ನೀವು ಸೇರಬಾರದ ಸಂದರ್ಭಗಳೂ ಇವೆ. ದಿನಕ್ಕೆ 12 ಗಂಟೆ ಅಂದರೆ ಬೇಡ, ಬೇರೆ ನೋಡಿ. ಇಷ್ಟು ವರ್ಷ ಬಿಡಬಾರದು ಅಂತ ಬರೆಸಿಕೊಂಡರೆ ಬೇಡ. ಮೂಲ ಅಂಕಪಟ್ಟಿಗಳನ್ನು ಒತ್ತೆ ಇಡಿ ಅಂದರೆ ಖಂಡಿತ ಬೇಡ, ನಕಲು ಪ್ರತಿ ಮಾತ್ರ ಕೊಡಿ.

ನಾಳೆ ಹೋಗಿ ಶಿಫ್ಟು ಯಾವುದು, ಬದಲಾಯಿಸಿಕೊಳ್ಳಲು ಆಗುತ್ತದಾ, ವಾರದ ರಜೆ ಯಾವತ್ತು ಅಂತ ಕೇಳಿಕೊಂಡು ಬನ್ನಿ. ಏನಂದರು ಅಂತ ಇಲ್ಲೇ ಬರೆಯಿರಿ. ಬೆಳಗಿನ ಶಿಫ್ಟು ಅಂದರೆ ನಾನು ಆಗ ಇಟ್ಟುಕೊಂಡಿದ್ದ ವಾರದ ವೇಳಾಪಟ್ಟಿ ಇನ್ನೂ ಇದೆ, ಹಾಕುತ್ತೇನೆ.