ಅಯಾನುಗಳ ಬಿಸಿಯನ್ನು ಬೆಳಕಿನಿಂದ ಅಳೆಯುವುದು

ಪ್ರಶ್ನೆ: ಸೌರಜ್ವಾಲೆಗಳಿಗೆ ಕಾಂತರೇಖೆಗಳ ಮರುಜೋಡಣೆ ಕಾರಣವೆಂದೂ ಅದನ್ನು ಪ್ರಯೋಗಾಲಯದಲ್ಲಿಯೂ ಮಾಡಿ ನೋಡುತ್ತಾರೆಂದೂ ಓದಿದ್ದೇನೆ. ಆಗ ಅಯಾನುಗಳು ಎಷ್ಟು ಬಿಸಿಯಾದವೆಂದು ತಿಳಿಯುವುದು ಹೇಗೆ? ಅಲ್ಲಿ ಉಷ್ಣತಾಮಾಪಕ ಇಡಲಾಗದಲ್ಲವೇ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇಡಲಾಗದು, ಅಲ್ಲಿನ ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನುಗಳೂ ಎಲೆಕ್ಟ್ರಾನು ಕಳೆದುಕೊಂಡ ಪರಮಾಣುಗಳಾದ ಅಯಾನುಗಳೂ ಬೆರೆತ ಬಿಸಿ ಅನಿಲ, ಒಂದು ಮಿಲಿಸೆಕೆಂಡ್ ಕೂಡ ಉಳಿಯುವುದಿಲ್ಲ. ಎದುರುಬದುರು ದಿಕ್ಕಿನ ಕಾಂತರೇಖೆಗಳು ಕಡಿದು ಹೊಸದಾಗಿ ಕೂಡಿಕೊಳ್ಳುವಾಗ ಕಾಂತಕ್ಷೇತ್ರದ ಶಕ್ತಿ ಕಣಗಳಿಗೆ ದಾಟುತ್ತದೆ. ಅದರಲ್ಲಿ ಅಯಾನುಗಳ ಪಾಲೆಷ್ಟು ಎಂಬುದನ್ನು ಅಮೆರಿಕದ ಪ್ರಿನ್ಸ್‌ಟನ್ ಪ್ಲಾಸ್ಮಾ ಭೌತವಿಜ್ಞಾನ ಪ್ರಯೋಗಾಲಯದಲ್ಲಿ, ಮಸಾಕಿ ಯಮಾದಾ ಅವರ ಮುಂದಾಳ್ತನದಲ್ಲಿ 1995ರಲ್ಲಿ ಆರಂಭವಾದ, ಈ ಮರುಜೋಡಣೆಯನ್ನೇ ಮಾಡಿ ನೋಡುವ ಎಂಆರ್‌ಎಕ್ಸ್ ಯಂತ್ರದಲ್ಲಿ, ಅಯಾನುಗಳೇ ಸೂಸುವ ಬೆಳಕಿನಿಂದ ಅಳೆದರು.

ಹೈಡ್ರೋಜನ್ ಅಯಾನಿನಿಂದ ಇದಾಗದು, ಅದು ಬರಿಯ ಪ್ರೋಟಾನು. ಎಲೆಕ್ಟ್ರಾನೇ ಇಲ್ಲದ ಅದರಿಂದ ರೋಹಿತರೇಖೆ, ಅಂದರೆ ನಿರ್ದಿಷ್ಟ ತರಂಗದೂರದ ಬೆಳಕು, ಹೊಮ್ಮದು. ಆದ್ದರಿಂದ ಒಂದು ಎಲೆಕ್ಟ್ರಾನನ್ನು ಉಳಿಸಿಕೊಂಡ ಹೀಲಿಯಂ ಅಯಾನಿನ 468.6 ನ್ಯಾನೋಮೀಟರಿನ ನೀಲಿ ರೇಖೆಯನ್ನು ನೋಡುತ್ತಾರೆ. ನಮ್ಮತ್ತ ಬರುವ ಅಯಾನಿನ ತರಂಗದೂರ ತುಸು ಕಡಿಮೆಯಾಗಿಯೂ ದೂರ ಸರಿಯುವುದರದು ತುಸು ಹೆಚ್ಚಾಗಿಯೂ ಕಾಣುವ ಡಾಪ್ಲರ್ ಪರಿಣಾಮದಿಂದ, ಬಿಸಿ ಏರಿ ಅಯಾನುಗಳ ವೇಗ ಹೆಚ್ಚಿದಂತೆ ರೇಖೆ ಅಗಲವಾಗುತ್ತದೆ. ಆದರೆ 10 ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 1,16,000 ಕೆಲ್ವಿನ್ ಉಷ್ಣತೆಯಲ್ಲಿಯೂ ಆ ಅಗಲ 0.06 ನ್ಯಾನೋಮೀಟರಿನಷ್ಟೇ, ಅಗಲ ಇಮ್ಮಡಿಯಾದರೆ ಉಷ್ಣತೆ ನಾಲ್ಮಡಿ ಎಂದರ್ಥವಾದ್ದರಿಂದ ಸಣ್ಣ ತಪ್ಪೂ ದುಬಾರಿ.

ನಿಜವಾದ ಕಷ್ಟ ಇರುವುದು ಇಲ್ಲಿ: ಅಗಲವೆಲ್ಲ ಬಿಸಿಯಿಂದಲೇ ಬಂದದ್ದಲ್ಲ. ಬೆಳಕನ್ನು ತರಂಗದೂರಗಳಾಗಿ ಬಿಡಿಸುವ ರೋಹಿತಮಾಪಕವೇ ರೇಖೆಯನ್ನು ಒಂದಿಷ್ಟು ಹರಡುತ್ತದೆ. ಈ ನೀಲಿ ರೇಖೆಯಾದರೂ ಒಂದಲ್ಲ, ಒತ್ತೊತ್ತಾಗಿರುವ ಹಲವು ರೇಖೆಗಳ ಗುಂಪು. ಇವನ್ನು ಲೆಕ್ಕ ಹಾಕಿ ಕಳೆಯಬಹುದು. ಹೆಚ್ಚು ಮೋಸಗೊಳಿಸುವುದು ಪ್ಲಾಸ್ಮಾದ ಹರಿವು. ಮರುಜೋಡಣೆಯ ತಾಣದಿಂದ ಪ್ಲಾಸ್ಮಾ ಎರಡೂ ಬದಿಗೆ ರಭಸದಿಂದ ಚಿಮ್ಮುತ್ತದೆ. ನಮ್ಮ ನೋಟದ ಗೆರೆ ಆ ಎರಡು ಹರಿವುಗಳನ್ನೂ ಹಾದುಹೋದರೆ, ತಣ್ಣಗಿನ ಅಯಾನುಗಳೂ ಅಗಲವಾದ ರೇಖೆ ತೋರಿಸಿ ಬಿಸಿಯೆಂಬ ಭ್ರಮೆ ಹುಟ್ಟಿಸುತ್ತವೆ. ಅದಕ್ಕೆಂದೇ ಪ್ರಿನ್ಸ್‌ಟನ್ನಿನಲ್ಲಿ ಕೆಲವೇ ಸೆಂಟಿಮೀಟರ್ ಉದ್ದದ ಪ್ಲಾಸ್ಮಾವನ್ನಷ್ಟೇ ನೋಡುವ ತೆಳು ಶೋಧಕವನ್ನು ಒಳಗಿಳಿಸಿ, ಬೆಳಕನ್ನು ಆಪ್ಟಿಕಲ್ ಫೈಬರ್ ಮೂಲಕ ಹೊರತಂದರು. ಶೋಧಕವೇ ಪ್ಲಾಸ್ಮಾವನ್ನು ಕೊಂಚ ಕದಡುತ್ತದೆ ಎಂಬುದು ಅದರ ಕೊರತೆ. ಟೋಕಿಯೊ ವಿಶ್ವವಿದ್ಯಾಲಯದವರು ಏನನ್ನೂ ಒಳಗಿಳಿಸದೆ, ಹಲವು ಗೆರೆಗಳಲ್ಲಿ ಹೊರಗಿನಿಂದ ನೋಡಿ ಗಣಿತದಿಂದ ಉಷ್ಣತೆಯ ನಕ್ಷೆಯನ್ನೇ ಕಟ್ಟಿದರು; ಸ್ಥಳೀಯ ವಿವರ ಬೇಕಾದಾಗ ಶೋಧಕವೇ ಮೇಲೆಂದು ನನಗೆ ತೋರುತ್ತದೆ.

ಇಂಥ ಅಳತೆಗಳನ್ನು ಕೂಡಿಸಿ 2014ರಲ್ಲಿ ಎಂಆರ್‌ಎಕ್ಸ್ ತಂಡ ಕೊಟ್ಟ ಲೆಕ್ಕದ ಪ್ರಕಾರ, ಒಳಬಂದ ಕಾಂತಶಕ್ತಿಯ ಸುಮಾರು ಅರ್ಧ ಕಣಗಳಿಗೆ ಸೇರುತ್ತದೆ; ಅದರಲ್ಲಿ ಮೂರರಲ್ಲೆರಡು ಪಾಲು ಅಯಾನುಗಳದು, ಉಳಿದದ್ದು ಎಲೆಕ್ಟ್ರಾನುಗಳದು.