ಪ್ರತಿಕ್ರಿಯೆ: ವಿಕರ್ಣ 16 ಅಲ್ಲ, ಸುಮಾರು 11.4

ತ್ರಿಭುಜದಲ್ಲಿ ಲಂಬಕೋನವನ್ನು ಮಾಡುವ ಬಾಹುಗಳು 7 ಸೆಂ.ಮೀ. ಮತ್ತು 9 ಸೆಂ.ಮೀ. ಇದ್ದಾಗ ವಿಕರ್ಣ (ಲಂಬಕೋನದ ಎದುರಿನ ಬಾಹು) 16 ಏಕೆ ಬರುವುದಿಲ್ಲ ಎಂದು ಕೇಳಿದ್ದೀರಿ. ನಿಮ್ಮ ಲೆಕ್ಕದ ಮೊದಲ ಸಾಲು ಸರಿಯಾಗಿಯೇ ಇದೆ: 7 ಮತ್ತು 9ರ ವರ್ಗಗಳು, 49 + 81. ಆದರೆ ಅಲ್ಲಿ ನೀವು ಎರಡಕ್ಕೂ ಬೇರೆ ಬೇರೆಯಾಗಿ ವರ್ಗಮೂಲ ತೆಗೆದು ಕೂಡಿಸಿದ್ದೀರಿ. ಹಾಗೆ ಮಾಡಿದರೆ ಮತ್ತೆ 7 + 9ಕ್ಕೇ ಬಂದು ನಿಲ್ಲುತ್ತೇವೆ. ಮೊದಲು ಕೂಡಿಸಿ, 130 ಎಂದು ಬರೆದುಕೊಳ್ಳಿ. ಆಮೇಲೆ ಒಂದೇ ಸಲ ವರ್ಗಮೂಲ ತೆಗೆಯಿರಿ. 11.4 × 11.4 = 129.96, ಆದ್ದರಿಂದ ವಿಕರ್ಣ ಸುಮಾರು 11.4 ಸೆಂ.ಮೀ.

ಆ ಎರಡು ಬಾಹುಗಳ ವರ್ಗಗಳ ಮೊತ್ತವೇ ವಿಕರ್ಣದ ವರ್ಗ ಎಂಬ ಸೂತ್ರವನ್ನು ಸುಮ್ಮನೆ ನಂಬಬೇಡಿ, ಚಿತ್ರ ಬರೆದು ನೋಡಿ. ಬಾಹು 16 ಇರುವ ಚೌಕ ಎಳೆಯಿರಿ. ಪ್ರತಿ ಬಾಹುವನ್ನೂ ಒಂದೇ ದಿಕ್ಕಿನಲ್ಲಿ ಸುತ್ತುತ್ತಾ 7 ಮತ್ತು 9 ಆಗಿ ಭಾಗಿಸಿ, ಆ ನಾಲ್ಕು ಬಿಂದುಗಳನ್ನು ಸೇರಿಸಿ. ನಾಲ್ಕು ಮೂಲೆಗಳಲ್ಲೂ ನಿಮ್ಮದೇ ತ್ರಿಭುಜ ಕಾಣುತ್ತದೆ. ನಡುವೆ ಓರೆಯಾಗಿ ಕುಳಿತ ಚೌಕದ ಬಾಹುವೇ ವಿಕರ್ಣ. ದೊಡ್ಡ ಚೌಕದ ವಿಸ್ತೀರ್ಣ 256, ಒಂದು ತ್ರಿಭುಜದ್ದು 31.5, ನಾಲ್ಕರದ್ದು 126. ಕಳೆದರೆ ನಡುವಿನ ಚೌಕಕ್ಕೆ ಉಳಿಯುವುದು ಅದೇ 130! ನನಗಂತೂ ಇಷ್ಟು ಸ್ಪಷ್ಟವಾದ ರುಜುವಾತು ಇನ್ನೊಂದಿಲ್ಲ ಅನ್ನಿಸುತ್ತದೆ.

ಉತ್ತರವನ್ನು ಅಂದಾಜಿನಿಂದಲೂ ಪರೀಕ್ಷಿಸಬಹುದು. ವಿಕರ್ಣ ಯಾವಾಗಲೂ ಉಳಿದೆರಡು ಬಾಹುಗಳಲ್ಲಿ ದೊಡ್ಡದಕ್ಕಿಂತ ಹೆಚ್ಚು, ಎರಡರ ಮೊತ್ತಕ್ಕಿಂತ ಕಡಿಮೆ. ಇಲ್ಲಿ 9 ಮತ್ತು 16ರ ನಡುವೆ ಇರಲೇಬೇಕು.

ಇನ್ನೊಂದು ಎಚ್ಚರ: ಲಂಬಕೋನದ ಎದುರಿನ ಬಾಹುವನ್ನೇ ಪ್ರಶ್ನೆಯಲ್ಲಿ ಕೊಟ್ಟಿದ್ದರೆ ವರ್ಗಗಳನ್ನು ಕೂಡಿಸಬಾರದು, ಕಳೆಯಬೇಕು.